ಕೊಕ್ಕರೆ ಪ್ಲೇಟು

ಒಳ್ಳೆಯ ಸುದ್ದಿ ತಂದವರಿಗೆ ಕುಳಿತುಕೊಳ್ಳುವಷ್ಟೂ ತಾಳ್ಮೆ ಇರುವುದಿಲ್ಲ. ಹಾವೇರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ರಘೋತ್ತಮ ಸರ್ ಆ ಬುಧವಾರ ಬ್ಯಾಡಗಿಗೆ ಬಂದವರು, ನಾಟಕಗಳಿಗೆ ಹಾರ್ಮೋನಿಯಂ ಬಾರಿಸುವ ಪೇಟಿ ಹಾಲೇಶಪ್ಪನ ಮನೆಯ ಹೊಸ್ತಿಲ ಮೇಲೆ ಒಂದು ಕಾಲಿಟ್ಟುಕೊಂಡೇ ಶುರು ಮಾಡಿದರು. ಬರುವ ಭಾನುವಾರ ಹಾವೇರಿಯ ಹವ್ಯಾಸಿ ನಾಟಕದವರೆಲ್ಲ ಸೇರಿ ಹಾಲೇಶಪ್ಪನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅದರ ಓಡಾಟವೆಲ್ಲ ಸರ್ ತಲೆಯ ಮೇಲಿತ್ತು. ಶಾಲು, ಹಾರ, ಫಲಕ ಎಲ್ಲ ತಯಾರಾಗಿದ್ದವು. ಆದರೆ ಅವರು ಹೇಳಲು ಬಂದದ್ದು ಅದನ್ನಲ್ಲ.

ಸರ್‌ಗೆ ಹಳೆಯ ಗ್ರಾಮಫೋನ್ ಪ್ಲೇಟುಗಳ ಹುಚ್ಚು. ರಾಣೆಬೆನ್ನೂರಿನ ಒಂದು ಕ್ಯಾಸೆಟ್ ಅಂಗಡಿಯಲ್ಲಿ, ಮೂಲೆಗೆ ಬಿದ್ದ ರಟ್ಟಿನ ಡಬ್ಬಿಯೊಳಗೆ, ಅವರಿಗೊಂದು ವಿಲಾಯತಿ ಪ್ಲೇಟು ಸಿಕ್ಕಿತ್ತು. ಎಪ್ಪತ್ತೊಂದನೆಯ ಇಸವಿಯದು. ಐದು ಜನ ಹುಡುಗರು ಕೂಡಿ ಮಾಡಿದ್ದು. ಅವರ ಊರಲ್ಲೇ ಅದನ್ನು ಯಾರೂ ಕೊಳ್ಳಲಿಲ್ಲ, ವರ್ಷದೊಳಗೆ ತಂಡ ಒಡೆಯಿತು, ಪ್ಲೇಟು ಮಾಡಿದ ಕಂಪನಿಯೂ ಬಾಗಿಲು ಹಾಕಿತು ಎಂದು ಸರ್ ಎಲ್ಲೋ ಓದಿದ್ದರಂತೆ. ಹೆಸರಿಗೆ ರಾಕ್ ಸಂಗೀತ. ಆದರೆ ಗಿಟಾರು ಊಟಕ್ಕೆ ಉಪ್ಪಿನಕಾಯಿಯಷ್ಟೇ, ಮೊದಲಿನಿಂದ ಕೊನೆಯ ತನಕ ಗಾಡಿ ಎಳೆಯುವುದು ಆರ್ಗನ್. ಎರಡನೆಯ ಮಗ್ಗುಲಂತೂ ಪೂರ್ತಿ ಒಂದೇ ತುಣುಕು, ನಡುವೆ ನಿಲ್ಲುವುದೇ ಇಲ್ಲ. ಮುಂಬಯಿಯಲ್ಲೂ ಸಿಗದ ಇಂಥದ್ದು ರಾಣೆಬೆನ್ನೂರಿನ ಬೀಜದಂಗಡಿಗಳ ಸಾಲಿನಲ್ಲಿ ಸಿಕ್ಕಿತಲ್ಲ ಎಂದು ಸರ್ ಮಗುವಿನಂತೆ ಹಿಗ್ಗಿದರು.

"ಹೊದಿಕಿ ಮ್ಯಾಲೆ ಒಂದು ಕೊಕ್ಕರೆ ಅದರಿ, ಒಂಟಿ ಕಾಲಿನ ಮ್ಯಾಲೆ ನಿಂತದ. ಅಂಗಡಿಯವಗ ಕ್ಯಾಸೆಟ್ಟಿಗೆ ತುಂಬಲಿಕ್ಕೆ ಹೇಳಿ ಬಂದೇನಿ. ಭಾನುವಾರ ನಿಮ್ಮ ಸತ್ಕಾರಕ್ಕ ಮೊದಲ ಅದನ್ನ ಮೈಕಿನ್ಯಾಗ ಹಾಕೂಣು. ನಮ್ಮ ಮಾಸ್ತರ್ರ ಪೇಟಿಗೆ ಸಮುದ್ರದಾಚೆ ಒಬ್ಬ ತಮ್ಮ ಇದ್ದ ಅಂತ ಜನಕ್ಕ ಗೊತ್ತಾಗಲಿ."

ಹೆಂಡತಿ ಶೇಖವ್ವ ಆಗಷ್ಟೇ ಕೈಗೆ ಕೊಟ್ಟಿದ್ದ ಬಸಿ ಅಲುಗಿ ಚಹಾ ಹಾಲೇಶಪ್ಪನ ಧೋತರದ ಮೇಲೆ ಚೆಲ್ಲಿತು. ಅವನು ಸುಮ್ಮನೆ ಕೇಳಿದವನ ಹಾಗೆ, ಯಾವ ಅಂಗಡಿ ಎಂದು ಕೇಳಿದ. ಅಬ್ದುಲಗನಿ ಎಂಬುವವನದು ಎಂದರು ಸರ್. ಹಾಲೇಶಪ್ಪ ಬಸಿಯನ್ನು ನೆಲಕ್ಕಿಟ್ಟ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಲೇಶಪ್ಪನ ಹೆಗಲ ಮೇಲಿದ್ದ ಕುಂಬಳಕಾಯಿ ಸಣ್ಣದಲ್ಲ. ಹಾವೇರಿಯಿಂದ ರಾಣೆಬೆನ್ನೂರಿನ ತನಕ ಯಾವ ಊರಿನಲ್ಲಿ ನಾಟಕವಾದರೂ, ತಾಯಿ ಸಾಯುವ ದೃಶ್ಯ ಬಂತೆಂದರೆ ಅವನ ಒಂದು ಧಾಟಿ ಬೇಕೇ ಬೇಕು. ಕಾಲಿನಿಂದ ತಿದಿ ಒತ್ತುವ ದೊಡ್ಡ ಪೇಟಿ ಅವನದು. ನಾಟಕದವರು ಅದನ್ನೇ ಆರ್ಗನ್ ಎನ್ನುತ್ತಾರೆ. ಅದರ ಕೆಳಗಿನ ಸ್ವರಗಳು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ, ನೆಲದಡಿಯಿಂದ ಎದ್ದು ಬರುವಾಗ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ, ಬೀಡಿ ಸೇದುವ ಗಂಡಸರು ಬೀಡಿ ಮರೆಯುತ್ತಾರೆ. ಜನ ಅದಕ್ಕೆ 'ಅವ್ವನ ಧಾಟಿ' ಎಂದು ಹೆಸರಿಟ್ಟಿದ್ದರು. ಯಾಕೆಂದರೆ ಹಾಲೇಶಪ್ಪ ಹೇಳಿಕೊಂಡು ಬಂದದ್ದು ಹಾಗೆ. ಹದಿನೇಳು ವರ್ಷದ ಹಿಂದೆ, ಎಪ್ಪತ್ತೈದರಲ್ಲಿ, ಐರಣಿಯಲ್ಲಿ ಅವ್ವ ತೀರಿಕೊಂಡಳು. ಮಣ್ಣು ಕೊಟ್ಟು ಬಂದು ಹೊಳೆಯ ದಂಡೆಯಲ್ಲಿ ಒಬ್ಬನೇ ಕುಳಿತಾಗ ಅದು ತಾನಾಗಿ ಕಿವಿಗೆ ಬಂತು ಎಂದು ಒಮ್ಮೆ ಹೇಳಿದ. ಕೇಳಿದವರು ಕಣ್ಣೊರೆಸಿಕೊಂಡರು. ಮತ್ತೆ ಹೇಳಿದ. ಪತ್ರಿಕೆಯವರು ಬರೆದರು. ಅಚ್ಚಾದ ಮೇಲೆ ಸುಳ್ಳಿಗೂ ಒಂದು ಮರ್ಯಾದೆ ಬರುತ್ತದೆ, ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ.

ಆ ಧಾಟಿ ಬಂದದ್ದು ಹೊಳೆಯ ದಂಡೆಯಿಂದಲ್ಲ, ಕೊಕ್ಕರೆ ಪ್ಲೇಟಿನ ಎರಡನೆಯ ಮಗ್ಗುಲಿನಿಂದ.

ಜನ ಕಳ್ಳ ಅನ್ನಲಿ, ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನಾಟಕದ ಧಾಟಿಗಳಲ್ಲಿ ಕದಿಯದ್ದು ಯಾವುದಿದೆ? ಅವನಿಗಿದ್ದ ಭಯ ಅಕ್ಕ ಬೀರವ್ವನದು. ಹನ್ನೆರಡು ವರ್ಷ ದೊಡ್ಡವಳು, ಅವನನ್ನು ಎತ್ತಿ ಆಡಿಸಿದವಳು, ಐರಣಿಯಲ್ಲೇ ಇದ್ದು ಅವ್ವನನ್ನು ಕೊನೆಯ ತನಕ ನೋಡಿಕೊಂಡವಳು. ಆ ಧಾಟಿಯಲ್ಲಿ ಅವ್ವ ಇದ್ದಾಳೆ ಎಂದೇ ಅವಳು ನಂಬಿದ್ದಳು. ಭಾನುವಾರ ಮುಂದಿನ ಸಾಲಿನಲ್ಲಿ ಕೂರುವವಳು ಅವಳು. ಮೈಕಿನಲ್ಲಿ ಕೊಕ್ಕರೆ ಪ್ಲೇಟು ಹಾಡಿದರೆ, ಇದನ್ನು ಎಲ್ಲಿ ಕೇಳಿದ್ದಿ, ಯಾವಾಗ ಕೇಳಿದ್ದಿ ಎಂದು ಅವಳು ಕೇಳೇ ಕೇಳುತ್ತಾಳೆ. ಒಂದು ಎಳೆ ಜಗ್ಗಿದರೆ ಇಡೀ ಕೌದಿ ಬಿಚ್ಚುತ್ತದೆ, ಆ ದಿನದ ಮಾತು ಹೊರಗೆ ಬೀಳುತ್ತದೆ. ಅದನ್ನು ಮಾತ್ರ ಅವಳು ಕ್ಷಮಿಸಲಾರಳು ಎಂದು ಹಾಲೇಶಪ್ಪನಿಗೆ ಖಾತ್ರಿಯಿತ್ತು.

ಗುರುವಾರ ಬೆಳಿಗ್ಗೆ ಪೇಟಿಗೆ ಒಂದು ಸ್ಪ್ರಿಂಗು ಬೇಕು ಎಂದು ಶೇಖವ್ವನಿಗೆ ಹೇಳಿ ರಾಣೆಬೆನ್ನೂರಿನ ಬಸ್ಸು ಹತ್ತಿದ. ಸೀಟು ಖಾಲಿ ಇದ್ದರೂ ಅರ್ಧ ದಾರಿ ನಿಂತೇ ಇದ್ದ. ಕಂಡಕ್ಟರು ಕೂಡ್ರಿಸಿದ ಮೇಲೆ, ಹದಿನೇಳು ವರ್ಷ ಅದುಮಿಟ್ಟಿದ್ದ ಆ ಮಧ್ಯಾಹ್ನ ಅವನ ಪಕ್ಕದಲ್ಲೇ ಬಂದು ಕುಳಿತಿತು.

ಆಗ ಅವನೂ ಗನಿಯೂ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುತ್ತಿದ್ದರು. ಹೊಸಬರು ಸೀನಿ ಸೀನಿ ಹೈರಾಣಾಗುವ ಗೋದಾಮಿನಲ್ಲಿ ಅವರಿಬ್ಬರೂ ಅತ್ತರಿನಂಗಡಿಯಲ್ಲಿ ಇದ್ದಂತೆ ಆರಾಮಾಗಿ ಇರುತ್ತಿದ್ದರು. ಮುಂಬಯಿ ಬಂದರಿನಲ್ಲಿ ದುಡಿಯುತ್ತಿದ್ದ ಗನಿಯ ಮಾವ ಒಮ್ಮೆ ಸೂಟ್‌ಕೇಸಿನಂಥ ಒಂದು ಪ್ಲೇಟು ಹಾಡಿಸುವ ಪೆಟ್ಟಿಗೆ, ಒಂದಿಷ್ಟು ಪ್ಲೇಟು ತಂದುಕೊಟ್ಟಿದ್ದ. ಆರು ದಪ್ಪ ಸೆಲ್ಲಿನ ಮೇಲೆ ನಡೆಯುವ ಪೆಟ್ಟಿಗೆ. ಹೊಸ ಸೆಲ್ಲು ಕೊಳ್ಳಲು ಇಬ್ಬರಲ್ಲೂ ದುಡ್ಡಿರಲಿಲ್ಲ. ದಲಾಲಿಯ ಬ್ಯಾಟರಿಯಿಂದ ತೆಗೆದುಹಾಕಿದ ಹಳೆಯವನ್ನೇ ಮೆಣಸಿನಕಾಯಿಯ ಜೊತೆ ಬಿಸಿಲಿಗೆ ಹರವಿ, ಬೆಚ್ಚಗಾದ ಮೇಲೆ ಮತ್ತೆ ತುರುಕುವುದು. ಪ್ಲೇಟಿನ ಇಂಗ್ಲಿಷ್ ಇಬ್ಬರಿಗೂ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿ ಕೊಕ್ಕರೆ ಪ್ಲೇಟು ಎಂದರು. ಬುತ್ತಿ ಉಂಡಾದ ಮೇಲೆ ಚೀಲಗಳ ಸಂದಿಯಲ್ಲಿ ಮಲಗಿ ಎರಡನೆಯ ಮಗ್ಗುಲು ಕೇಳುವುದು ದಿನದ ನೇಮವಾಯಿತು.

ಆ ದಿನ ಪ್ಲೇಟಿನ ಮೇಲೆ ಮುಳ್ಳು ಇಟ್ಟು ಎರಡು ನಿಮಿಷವಾಗಿರಬೇಕು. ಐರಣಿಯಿಂದ ಅಕ್ಕನ ನೆರೆಮನೆಯ ಹೊಳಿಯಪ್ಪ ಬಂದು, ಘಾಟಿಗೆ ಮೂಗಿಗೆ ವಸ್ತ್ರ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಅವ್ವನಿಗೆ ಸೀರಿಯಸ್ ಇದೆ, ಬೀರವ್ವ ಲಗೂ ಕರೆದುಕೊಂಡು ಬಾ ಅಂದಿದ್ದಾಳೆ ಎಂದ. ಅವ್ವ ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಹೀಗೇ ಎರಡು ಸಲ ಸೀರಿಯಸ್ ಎಂದು ಇವನು ಬಿದ್ದು ಎದ್ದು ಓಡಿಹೋದಾಗ, ಅವಳು ಗೋಡೆಗೆ ಆತು ಕುಳಿತು ಸಜ್ಜಕ ತಿನ್ನುತ್ತಿದ್ದಳು. ಹಾಲೇಶಪ್ಪ ಮಲಗಿದಲ್ಲಿಂದ ಏಳದೆ ಹೇಳಿದ:

"ನೀ ನಡಿ ಹೊಳಿಯಪ್ಪ. ಇದೊಂದು ಮುಗೀಲಿ, ಬಂದೆ."

ಮುಗಿಯಲು ಅರ್ಧ ತಾಸಾಯಿತು. ಅಷ್ಟರಲ್ಲಿ ಬಸ್ಸು ಹೋಗಿತ್ತು, ಮುಂದಿನದಕ್ಕೆ ಎರಡು ತಾಸು. ಐರಣಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅವ್ವನನ್ನು ವಿಭೂತಿ ಹಚ್ಚಿ ಗೋಡೆಗೆ ಕೂಡ್ರಿಸಿದ್ದರು. ಅಕ್ಕ ಇವನ ಕೊರಳಿಗೆ ಬಿದ್ದು ಅತ್ತಳು. ಒಂದು ಸ್ವಲ್ಪ ಲಗೂ ಬಂದಿದ್ದರೆ ಸಿಗುತ್ತಿದ್ದಳೋ ತಮ್ಮಾ, ಬಾಗಿಲು ನೋಡಿಕೊಂಡು, ನಿನ್ನ ಹೆಸರು ಹಿಡಿದುಕೊಂಡೇ ಹೋದಳು ಎಂದಳು. ಬಸ್ಸು ಕೆಟ್ಟಿತ್ತು ಎಂದ ಇವನು. ಅಂದಿನಿಂದ ಆ ಮಧ್ಯಾಹ್ನದ ಸುದ್ದಿಯನ್ನು ಅವನು ಯಾರಲ್ಲೂ ಎತ್ತಲಿಲ್ಲ, ಎತ್ತಿದವರ ಮುಂದೆ ಕೂಡ್ರಲಿಲ್ಲ. ಹೊಳಿಯಪ್ಪ ಮರುವರ್ಷವೇ ತೀರಿಕೊಂಡ. ಉಳಿದ ಸಾಕ್ಷಿ ಗನಿ ಒಬ್ಬನೇ. ಅವನು ರಾಣೆಬೆನ್ನೂರು ಸೇರಿದ್ದ. ಹತ್ತು ವರ್ಷದ ಹಿಂದೆ ಅಲ್ಲಿ ನಾಟಕವಿದ್ದಾಗ ಎರಡನೆಯ ಸಾಲಿನಲ್ಲಿ ಕಂಡಿದ್ದ. ಅವ್ವನ ಧಾಟಿ ಶುರುವಾದದ್ದೇ ತಡ, ಎದ್ದು ಹೊರಗೆ ಹೋಗಿಬಿಟ್ಟಿದ್ದ. ಅಂದಿನಿಂದ ಹಾಲೇಶಪ್ಪ ಗನಿಯ ಅಂಗಡಿಯ ಓಣಿಗೆ ಕಾಲಿಟ್ಟಿರಲಿಲ್ಲ.

ಗನಿಯ ಅಂಗಡಿ ಬಸ್‌ಸ್ಟ್ಯಾಂಡಿನಿಂದ ದೂರವೇನಲ್ಲ. ಹಾಲೇಶಪ್ಪ ಮಾತ್ರ ಅದರ ಮುಂದೆ ಮೂರು ಸಲ ಹಾದುಹೋದ. ನಾಲ್ಕನೆಯ ಸಲ ಒಳಗಿನಿಂದಲೇ ಕರೆ ಬಂತು.

"ಬಾರೋ ಹಾಲ್ಯಾ. ಎಷ್ಟಂತ ತಿರುಗತಿ."

ಗಡ್ಡ ನೆರೆತಿತ್ತು, ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಗೋಡೆಯ ತುಂಬ ಕ್ಯಾಸೆಟ್ಟು, ಮೇಜಿನ ಮೇಲೆ ಗಿರಾಕಿಗಳು ಬರೆದುಕೊಟ್ಟ ಹಾಡಿನ ಚೀಟಿಗಳು, ಅವುಗಳ ನಡುವೆ ಕರೆಂಟಿನ ಪ್ಲೇಯರು. ಗನಿ ಚಹಾ ತರಿಸಿದ. ಹಾಲೇಶಪ್ಪ ಮಳೆ ಕೇಳಿದ, ಮಕ್ಕಳನ್ನು ಕೇಳಿದ, ಧಂಧೆ ಕೇಳಿದ. ಗನಿ ಎಲ್ಲಕ್ಕೂ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟು, ಕೊನೆಗೆ ತಾನೇ ಎದ್ದು ಕೊಕ್ಕರೆ ಪ್ಲೇಟನ್ನು ಹೊರತೆಗೆದ. ಅದಕ್ಕಾಗಿಯೇ ಬಂದಿದ್ದೀಯಲ್ಲ ಎನ್ನುವಂತೆ ನೋಡಿ, ಎರಡನೆಯ ಮಗ್ಗುಲು ಮೇಲೆ ಮಾಡಿ ಮುಳ್ಳು ಇಟ್ಟ.

ಹಾಲೇಶಪ್ಪ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತ. ಆರ್ಗನ್ ಶುರುವಾಯಿತು. ಕುಣಿಯುತ್ತ, ಪುಟಿಯುತ್ತ, ಹಿಂದೆ ಡ್ರಮ್ಮು ಬೆನ್ನು ಹತ್ತಿದಂತೆ ಓಡುತ್ತ ಬಂತು. ಸ್ವರಗಳು ಎತ್ತರದಲ್ಲಿ ತೆಳ್ಳಗೆ ಕೇಳಿದವು. ಇಷ್ಟು ಉಲ್ಲಾಸದಲ್ಲಿ ಯಾರ ಅವ್ವನೂ ಸಾಯುವುದಿಲ್ಲ. ಐದು ನಿಮಿಷ ಕೇಳಿದರೂ ಅವನಿಗೆ ಗುರುತು ಹತ್ತಲಿಲ್ಲ.

"ಇದು ಅಲ್ಲೋ ಗನಿ. ಇದು ಬ್ಯಾರೆ ಪ್ಲೇಟು."

ಹಿಡಿದಿದ್ದ ಮೊಣಕಾಲನ್ನು ಬಿಟ್ಟು ಅವನು ಕಾಲು ಚಾಚಿದ. ಗನಿ ಮುಳ್ಳನ್ನು ಮತ್ತೆ ಮೊದಲಿಗೆ ತಂದಿಟ್ಟ. ತೋರುಬೆರಳನ್ನು ತಿರುಗುತ್ತಿದ್ದ ಪ್ಲೇಟಿನ ಅಂಚಿಗೆ ಮೆತ್ತಗೆ ತಾಗಿಸಿದ. ಪ್ಲೇಟು ನಿಧಾನವಾಯಿತು. ಸ್ವರಗಳು ಕೆಳಗಿಳಿದವು, ದಪ್ಪಗಾದವು, ಒಂದರ ಹಿಂದೊಂದು ಕಾಲೆಳೆದುಕೊಂಡು ಬಂದವು. ಅವ್ವನ ಧಾಟಿ ಅಂಗಡಿಯ ತುಂಬ ನಿಂತಿತು.

"ಸೆಲ್ಲು ಸತ್ತಿದ್ದುವೋ ನಮ್ಮವು" ಎಂದ ಗನಿ. "ಆ ಹುಡುಗ್ರು ಇಷ್ಟು ನಿಧಾನ ಬಾರಿಸೇ ಇಲ್ಲ. ಅಳಸಿದ್ದು ಅವರಲ್ಲ, ಬಿಸಲಿಗೆ ಒಣಗಿಸಿದ ಸೆಲ್ಲು."

ಕ್ಯಾಸೆಟ್ಟಿಗೆ ತುಂಬಿದ್ದು ಅದರ ಖರೇ ಓಟದಲ್ಲೇ, ಅದನ್ನು ಕೇಳಿ ನಿನ್ನ ಧಾಟಿಯ ಗುರುತು ಯಾರಿಗೂ ಹತ್ತುವುದಿಲ್ಲ, ನಿನಗೇ ಹತ್ತಲಿಲ್ಲವಲ್ಲ ಎಂದು ಗನಿ ಹೇಳಿದ. ಗಂಡಾಂತರ ತಪ್ಪಿದಂತಾಯಿತು. ಹಾಲೇಶಪ್ಪ ಎದ್ದು ಹೋಗಬಹುದಿತ್ತು. ಆದರೂ ಏಳಲಿಲ್ಲ. ಕೊನೆಗೆ ಕೇಳಿಬಿಟ್ಟ, ಅವತ್ತು ನಾಟಕದಿಂದ ಯಾಕೆ ಎದ್ದು ಹೋದಿ ಎಂದು.

ಗನಿ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ.

"ಹೊಳಿಯಪ್ಪ ಬಾಗಲದಾಗ ನಿಂತಂಗ ಆತು. ನೀ 'ಮುಗೀಲಿ' ಅಂದಾಗ ನಾನು ಮುಳ್ಳು ಎತ್ತಬೇಕಿತ್ತು, ಹಾಲ್ಯಾ. ಕೈಗೆ ಸಿಗೂವಷ್ಟು ಹತ್ತರಾನ ಇದ್ದೆ. ಎತ್ತಲಿಲ್ಲ. ನನಗೂ ಪೂರಾ ಕೇಳಬೇಕಾಗಿತ್ತು." ಕನ್ನಡಕ ಮತ್ತೆ ಹಾಕಿಕೊಂಡು, "ಪ್ಲೇಟಿಂದು ಬಿಡು. ಬೀರಕ್ಕಗ ಹೇಳಿದೇನು?" ಎಂದ.

ಹಾಲೇಶಪ್ಪ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಶುಕ್ರವಾರ, ಶನಿವಾರ ಪೇಟಿಯ ಮುಂದೆ ಕುಳಿತರೂ ತಿದಿ ಒತ್ತಲು ಕಾಲು ಏಳಲಿಲ್ಲ. ಪ್ಲೇಟಿನ ಭಯ ಹೋದ ಮೇಲೆ ಗೊತ್ತಾಯಿತು, ಭಯ ಪ್ಲೇಟಿನದಾಗಿರಲಿಲ್ಲ.

ಭಾನುವಾರ ಹಾವೇರಿಯ ಶಾಲೆಯ ಮೈದಾನದಲ್ಲಿ ಮೂರು ಗಂಟೆಗೇ ಕುರ್ಚಿಗಳು ತುಂಬಿದವು. ಬೀರವ್ವ ಇಳಕಲ್ ಸೀರೆ ಉಟ್ಟು, ಬುಟ್ಟಿ ತುಂಬ ಕರಚಿಕಾಯಿ ಹೊತ್ತು, ಐರಣಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ರಘೋತ್ತಮ ಸರ್ ಅವಳನ್ನು ನೋಡಿದವರೇ ಇನ್ನೊಂದು ಒಳ್ಳೆಯ ವಿಚಾರ ಮಾಡಿದರು. ಒಳ್ಳೆಯ ಮನುಷ್ಯರ ಒಳ್ಳೆಯ ವಿಚಾರಗಳಿಂದ ದೇವರೇ ಕಾಪಾಡಬೇಕು. ಸತ್ಕಾರಕ್ಕೆ ಮುಂಚೆ ಅಕ್ಕನವರು ವೇದಿಕೆಗೆ ಬಂದು, ಅವ್ವ ಹೋದ ದಿನದ ಬಗ್ಗೆ, ಧಾಟಿ ಹುಟ್ಟಿದ ಬಗ್ಗೆ ಎರಡು ಮಾತು ಹೇಳಲಿ ಎಂದರು. ಬೀರವ್ವ ನಾಚಿ ಒಪ್ಪಿಕೊಂಡಳು. ಹಾಲೇಶಪ್ಪನ ಸುಳ್ಳನ್ನು ಇದುವರೆಗೆ ಅವನೇ ಹೇಳುತ್ತಿದ್ದ, ಇನ್ನು ಅದನ್ನು ಅಕ್ಕನ ಬಾಯಿಂದ ಸಾವಿರ ಜನರ ಮುಂದೆ ಹೇಳಿಸಬೇಕು. ಅದನ್ನು ಕೇಳುತ್ತ ಶಾಲು ಹೊದ್ದು ಕೂಡ್ರಬೇಕು.

ಸರ್ ಮೈಕಿನ ಮುಂದೆ ನಿಂತು ವಿಲಾಯತಿ ಪ್ಲೇಟಿನ ಮಹಿಮೆ ಹೇಳಿ ಕ್ಯಾಸೆಟ್ಟು ಹಾಕಿದರು. ಆರ್ಗನ್ ಮೈದಾನದ ತುಂಬ ಕುಣಿಯಿತು. ಯಾರೋ ಸರ್ಕಸ್ಸು ಬಂತೇನೋ ಎಂದರು, ನಗೆಯೆದ್ದಿತು. ಒಬ್ಬರಿಗೂ ಗುರುತು ಹತ್ತಲಿಲ್ಲ. ಆ ಗದ್ದಲದಲ್ಲಿ ಹಾಲೇಶಪ್ಪ ಅಕ್ಕನ ಕೈಹಿಡಿದು ವೇದಿಕೆಯ ಹಿಂದಿನ ಒಂದು ಖಾಲಿ ವರ್ಗದ ಕೋಣೆಗೆ ಕರೆದೊಯ್ದ. ಮಕ್ಕಳ ಬೆಂಚಿನ ಮೇಲೆ ಅವಳನ್ನು ಕೂಡ್ರಿಸಿ ಎದುರು ನಿಂತ. ಮಾತು ಜೋಡಿಸಿಕೊಂಡು ಬಂದಿದ್ದೆಲ್ಲ ಮರೆತುಹೋಯಿತು.

"ಅಕ್ಕಾ, ಅವತ್ತು ಬಸ್ಸು ಕೆಟ್ಟಿರಲಿಲ್ಲ."

ಆಮೇಲೆ ತಡೆಯಲಿಲ್ಲ. ಗೋದಾಮು, ಗನಿ, ಈಗ ಹೊರಗೆ ಕೇಳುತ್ತಿರುವ ಇದೇ ಪ್ಲೇಟು, ಹೊಳಿಯಪ್ಪ ಬಾಗಿಲಲ್ಲಿ ನಿಂತದ್ದು, ತಾನು ಮಲಗಿದಲ್ಲೇ ಅಂದ ಮಾತು, ಎಲ್ಲವನ್ನೂ ಹೇಳಿದ. ಅವ್ವ ಬಾಗಿಲು ನೋಡುತ್ತ ತನ್ನ ಹೆಸರು ಹಿಡಿಯುತ್ತಿದ್ದಾಗ ತಾನು ಹಾಡು ಮುಗಿಯಲಿ ಎಂದು ಮಲಗಿದ್ದೆ ಎಂದ.

ಬೀರವ್ವ ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸಿಟ್ಟು ಬರುತ್ತದೆ ಎಂದು ಅವನು ಕಾದ. ಬರಲಿಲ್ಲ.

"ಹೊಳಿಯಪ್ಪಗ ಸೀರಿಯಸ್ ಅಂತ ಹೇಳು ಅಂದಾಕಿ ನಾನಪ್ಪ" ಎಂದಳು. "ಹೋಗ್ಯಾಳ ಅಂತ ಹೇಳಿ ಕಳಸ್ತಾರೇನು ಯಾರರ? ದಾರ್ಯಾಗ ಎದಿ ಒಡಕೊಂಡು ಎಲ್ಲೆರ ಬಿದ್ದಿ ಅಂತ. ಅವ್ವ ನಸಿಕಿನ್ಯಾಗ ಹೋಗಿದ್ಲು. ಹೊಳಿಯಪ್ಪ ಊರು ಬಿಡೂದ್ರಾಗ ನಾವು ಆಕೀ ಮೈ ತೊಳದಿದ್ವಿ."

ಅವನಿಗೆ ಅದು ತಲೆಗೆ ಹೋಗಲು ಸಮಯ ಹಿಡಿಯಿತು. ಊರೂರಿನ ರೂಢಿ ಅದು. ಸತ್ತವರನ್ನು ಸತ್ತರು ಎಂದು ಯಾರೂ ಹೇಳಿ ಕಳಿಸುವುದಿಲ್ಲ, ತಾನೂ ಎಷ್ಟು ಜನರಿಗೆ ಹಾಗೆ ಹೇಳಿ ಕಳಿಸಿದ್ದ. ತನ್ನ ಪಾಲಿಗೆ ಬಂದಾಗ ಮಾತ್ರ ಆ ಮಾತನ್ನು ಅಕ್ಷರಶಃ ನಂಬಿದ್ದ. ಮುಳ್ಳು ಎತ್ತಿ ಓಡಿದ್ದರೂ, ಹಕ್ಕಿಯಾಗಿ ಹಾರಿದ್ದರೂ ಅವ್ವ ಸಿಗುತ್ತಿರಲಿಲ್ಲ. ಹದಿನೇಳು ವರ್ಷ ಹೊತ್ತದ್ದು ಒಮ್ಮೆಲೇ ಕೆಳಗಿಳಿದು, ಅವನು ಬೆಂಚು ಹಿಡಿದುಕೊಂಡು ಅಕ್ಕನ ಪಕ್ಕದಲ್ಲಿ ಕುಸಿದ. ಅಳುವೋ ನಗೆಯೋ ತಿಳಿಯದ ಒಂದು ಸದ್ದು ಬಾಯಿಂದ ಹೊರಟಿತು. ಆಮೇಲೆ ಇನ್ನೊಂದು ಮಾತು ನೆನಪಾಯಿತು.

"ಮತ್ತ ನನ್ನ ಹೆಸರು ಹಿಡಕೊಂಡು ಹೋದ್ಲು ಅಂದಿದ್ದಿ?"

ಅಕ್ಕ ಕಿಟಕಿಯ ಕಡೆ ನೋಡಿದಳು.

"ಹಂಗ ಅಂತಾರಪ್ಪ. ಹಿಂದ ಬಂದವರಿಗೆ ಎಲ್ಲಾರಿಗೂ ಹಂಗ ಅಂತಾರ. ಮಲಗಿದಾಕಿ ಏಳಲಿಲ್ಲ. ಏನೂ ಅನ್ನಲಿಲ್ಲ."

ಹೊರಗೆ ಕ್ಯಾಸೆಟ್ಟು ನಿಂತಿತು. ರಘೋತ್ತಮ ಸರ್ ಅಕ್ಕನವರು ವೇದಿಕೆಗೆ ಬರಬೇಕು ಎಂದು ಕರೆಯುತ್ತಿದ್ದರು. ಬೀರವ್ವ ಎದ್ದು ಸೆರಗು ಹೊದ್ದು ಹೊರಗೆ ನಡೆದಳು. ಹಾಲೇಶಪ್ಪ ಹಿಂದೆ ಹೋಗಿ, ಯಾರೋ ತೋರಿಸಿದ ಕಡೆ, ಪೇಟಿಯ ಮುಂದೆ ಕುಳಿತ. ತಪ್ಪು ಹೋಗಿತ್ತು, ಅದರ ಜೊತೆ ಕರೆಯೂ ಹೋಗಿತ್ತು. ಇಷ್ಟು ವರ್ಷ ಪ್ರತಿ ನಾಟಕದಲ್ಲಿ, ಬಾಗಿಲು ನೋಡುತ್ತ ತನ್ನನ್ನು ಕರೆಯುತ್ತಿದ್ದ ಅವ್ವನಿಗೆ ಬಂದೆ, ಬಂದೆ ಎಂದು ಹೇಳುವ ಹಾಗೆ ಬಾರಿಸಿದ್ದ. ಅಂಥ ಅವ್ವ ಇರಲೇ ಇಲ್ಲ. ನಸುಕಿನಲ್ಲಿ ಒಬ್ಬ ಮುದುಕಿ ಯಾರನ್ನೂ ನೆನೆ‍ಸದೆ ನಿದ್ದೆಯಲ್ಲಿ ಹೋಗಿದ್ದಳು. ಮನೆಗಳ್ಳ ಕದ್ದೊಯ್ದ ಮೇಲೆ ಖಾಲಿ ಕೋಣೆ ನೋಡುವವನಂತೆ ಅವನು ಪೇಟಿಯ ಕಪ್ಪು ಬಿಳಿ ಸ್ವರದ ಮನೆಗಳನ್ನು ನೋಡುತ್ತ ಕುಳಿತ.

ಬೀರವ್ವ ಮೈಕಿನ ಮುಂದೆ ನಿಂತಳು. ಮೈಕು ಅವಳ ಎತ್ತರಕ್ಕೆ ಹೆಚ್ಚಾಯಿತು, ಸರ್ ಬಂದು ಕೆಳಗಿಳಿಸಿದರು. ಅವಳು ಜನರ ಕಡೆ ನೋಡಲಿಲ್ಲ. ಪೂರ್ತಿ ಹೊರಳಿ ತಮ್ಮನ ಕಡೆ ನೋಡಿದಳು.

"ನಮ್ಮವ್ವ ಇವನ ಹೆಸರಾ ಹಿಡಕೊಂಡು ಹೋದ್ಲರಿ" ಎಂದಳು. "ಹಾಲಪ್ಪ ಬಂದನಾ, ಹಾಲಪ್ಪ ಬಂದನಾ ಅಂತ. ಬಾಗಲಾ ನೋಡಿಕೋತ."

ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಹಾಲೇಶಪ್ಪ ಸಾವಿರ ಜನರ ಮುಂದೆ ಪೇಟಿಯ ಮೇಲೆ ತಲೆಯಿಟ್ಟು, ತಾಯಿ ಕರೆದ ಮಗನ ಹಾಗೆ ಅತ್ತುಬಿಟ್ಟ.